ಅಡ್ಯಾರಿನಲ್ಲೊಂದು ಧ್ರುವಪ್ರದೇಶ

ಬೆಳಗ್ಗೆ ಕಾಫಿ ಫಿಲ್ಟರಿಗೆ ಬಿಸಿನೀರು ಸುರಿದು, ಸಕ್ಕರೆ ಡಬ್ಬಿಯ ಇರುವೆಗಳನ್ನು ಬಿಸಿಲಿಗೆ ಅಟ್ಟಿ, ದೋಸೆ ಹೊಯ್ಯುವುದು ನನ್ನ ದಿನಚರಿ. ಅವತ್ತೂ ಕಾವಲಿಯ ಮುಂದಿದ್ದಾಗ ಮಗಳು ಶ್ರೇಯಾ, “ಅಮ್ಮಾ, ಸಾಯಂಕಾಲ ನಾರ್ವೆ ಸ್ಕೂಲಿನ ಮಕ್ಕಳು ವಿಡಿಯೋ ಕಾಲ್‌ನಲ್ಲಿ ನಮ್ಮನೆ ನೋಡ್ತಾರೆ” ಎಂದಳು. ಪ್ರಾಜೆಕ್ಟು ಎಂದೇನೋ ಮುಂದುವರಿಸಿದ್ದು ದೋಸೆಯ ಚುಂಯ್‌ನಲ್ಲಿ ಕರಗಿಹೋಯಿತು.

ನಾನು ಕಾನ್ವೆಂಟಿನವಳು. ಹೊರಗಿನವರು ಬರುತ್ತಾರೆಂದರೆ ಸಿಸ್ಟರುಗಳು ನಮ್ಮಿಂದ ಡೆಸ್ಕಿನ ಕಾಲುಗಳನ್ನೂ ಒರೆಸಿಸುತ್ತಿದ್ದರು. ಆ ಭಯ ಇನ್ನೂ ಇಳಿದಿಲ್ಲ. ದೇಶದ ಮಾನ ನನ್ನ ಅಡುಗೆಮನೆಯಲ್ಲಿದೆ ಎಂದುಕೊಂಡು ಪೊರಕೆ ಹಿಡಿದೆ. ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ, ಸಿಲಿಂಡರಿನ ಕೆಳಗಿನ ಜಿರಳೆ, ಕರಿಬೇವಿನ ಕುಂಡದ ಹಸಿರು ಹುಳ, ಕಿಟಕಿ ಮೂಲೆಯ ಕಣಜದ ಗೂಡು, ಯಾವುದನ್ನೂ ಬಿಡಲಿಲ್ಲ. ಮಧ್ಯಾಹ್ನಕ್ಕೆ ಮನೆ ಫಿನಾಯಿಲಿನಿಂದ ಆಸ್ಪತ್ರೆಯಂತೆ ನಾರುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ.

ಶಾಲೆಯಿಂದ ಬಂದ ಶ್ರೇಯಾ ನೇರ ಟ್ಯೂಬ್‌ಲೈಟಿನ ಕೆಳಗೆ ನಿಂತು, ಈ ಊರಿನ ತಮಿಳು ಬೆರೆಸಿ ಕೇಳಿದಳು: “ಅಮ್ಮಾ, ನನ್ನ ಪಲ್ಲಿ ಎಂಗೆ?”

“ಹಲ್ಲೀನಾ? ಓಡಿಸ್ದೆ ಪುಟ್ಟಾ.”

“ಅಯ್ಯೋ! ಅದೇ ಅಮ್ಮಾ ಪ್ರಾಜೆಕ್ಟು! ಮನೇಲಿರೋ ಜೀವಿಗಳನ್ನ ಲೈವ್ ತೋರಿಸ್ಬೇಕು. ಎಲ್ಲಾರ್ ಮುಂದೆ ನಾನು ಏನ್ ತೋರಿಸ್ಲಿ, ಫಿನಾಯಿಲ್ಲಾ?”

ಅವಳು ಬ್ಯಾಗು ಬಿಸಾಡಿದಳು. ಬ್ಯಾಂಕಿನಲ್ಲಿದ್ದ ಇವರಿಗೆ ಫೋನು ಮಾಡಿದೆ. “ಭೂಮಧ್ಯರೇಖೆ ಹತ್ರ ವರ್ಷವಿಡೀ ಬಿಸಿಲು, ಕೊಲ್ಲೋ ಚಳಿ ಇಲ್ಲ. ಅದಕ್ಕೇ ಇಲ್ಲಿ ಇಷ್ಟು ಬಗೆ ಜೀವ, ನಾರ್ವೇಲಿ ಕಡಿಮೆ. ಅದೇ ಕಣೇ ಅವಳು ತೋರಿಸ್ಬೇಕಾಗಿದ್ದ ಪಾಠ. ನೀನು ಅಡ್ಯಾರಿನ ಎರಡನೇ ಮಹಡಿನೇ ಧ್ರುವಪ್ರದೇಶ ಮಾಡಿಟ್ಟಿದ್ದೀಯ” ಎಂದು ನಕ್ಕರು. ನಗು ಬರುವ ಹೊತ್ತಾಗಿರಲಿಲ್ಲ.

ತಾಯಿ ಮಗಳು ಟಾರ್ಚು ಹಿಡಿದು ಮಂಚದಡಿ ತೆವಳಿದೆವು. ಓಡಿಸಿದ್ದ ಇರುವೆಗಳಿಗೆ ನಾನೇ ತಟ್ಟೆಯಲ್ಲಿ ಬೆಲ್ಲವಿಟ್ಟು ಬೇಡಿಕೊಂಡೆ. ಒಂದೂ ಬರಲಿಲ್ಲ. ಅಷ್ಟು ಸ್ವಾಭಿಮಾನ ಇರುವೆಗಿದೆಯೆಂದು ಗೊತ್ತಿರಲಿಲ್ಲ. ಲ್ಯಾಪ್‌ಟಾಪು ತೆರೆದಿತ್ತು, ಮಗಳು ನನ್ನತ್ತ ನೋಡದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಕರೆ ಬರುವುದೊಂದೇ ಬಾಕಿ.

ಅಷ್ಟರಲ್ಲಿ ಬಾಗಿಲ ಬೆಲ್ಲು. ಪಕ್ಕದ ಮನೆಯ ಪದ್ಮಾ ಮಾಮಿ; ಮಾವನ ರೈಲ್ವೆ ಕೆಲಸದ ಕಾಲದಿಂದ ಇಲ್ಲೇ ನೆಲೆಸಿದ ಕನ್ನಡಿಗರು. ಕೈಯಲ್ಲಿ ಪೊರಕೆ.

“ಏನಮ್ಮಾ, ಬಾಲ್ಕನಿ ದಾಟ್ಕೊಂಡು ಹಲ್ಲಿ, ಹುಳ, ಸಾಲು ಸಾಲು ಎರುಂಬು ಎಲ್ಲಾ ಕುಟುಂಬ ಸಮೇತ ನಮ್ಮನೇಗೇ ಬಂದ್ಬಿಟ್ಟಿವೆ. ನಿಮ್ಮನೇಲಿ ಏಸಿ ಅಷ್ಟು ಜಾಸ್ತಿ ಇಟ್ಟಿದ್ದೀರಾ?”