ಮೇಡಂ ಮೇಜಿನ ಕಾಸ್ಮಾಸ್

ಆ ಬೆಳಿಗ್ಗೆ ಆರು ಗಂಟೆಗೆ ಗುಮಾಸ್ತ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹಿತ್ತಲಿಗೆ ಓಡಿದ. ಕಾಸ್ಮಾಸ್ ಗಿಡಗಳ ನಡುವೆ ನುಗ್ಗಿ ಒಂದೊಂದೇ ಕೊಂಬೆ ಬಗ್ಗಿಸಿ ನೋಡಿದ. ಎಲೆ, ಬರೀ ಎಲೆ. ಆಳೆತ್ತರ ಬೆಳೆದ ನಲವತ್ತು ಗಿಡಗಳಲ್ಲಿ ಹುಡುಕಿದರೂ ಒಂದು ಮೊಗ್ಗಿಲ್ಲ.

ಎಡವಟ್ಟು ಮಾಡಿದ್ದು ಅವನ ನಾಲಿಗೆ. ಮೂರು ತಿಂಗಳ ಹಿಂದೆ ಅವನಿದ್ದ ನೀರು ಸರಬರಾಜು ಕಚೇರಿಗೆ ಹೊಸ ಸೂಪರಿಂಟೆಂಡೆಂಟ್ ಮೇಡಂ ಬಂದಿದ್ದರು. ಅವರು ಕ್ಯಾಲೆಂಡರಿನಲ್ಲಿದ್ದ ಕಾಸ್ಮಾಸ್ ಹೂಗಳನ್ನು ಆಸೆಯಿಂದ ನೋಡುತ್ತಿದ್ದಾಗ ಇವನು ಸುಮ್ಮನಿರಲಾರದೆ, "ನಮ್ಮ ಹಿತ್ತಲಲ್ಲಿ ಇರೋದೂ ಇದೇ ಮೇಡಂ. ಹೂದಾನಿಗೆ ಅಂತಾನೇ ಬೆಳೀತೀವಿ. ಕತ್ತರಿಸಿದಷ್ಟೂ ಬರ್ತಾನೇ ಇರುತ್ತೆ" ಎಂದುಬಿಟ್ಟ. ಆಗ ಹಿತ್ತಲಲ್ಲಿ ಇದ್ದದ್ದು ಒಂದು ಒಡೆದ ಬಕೆಟ್ಟು ಮಾತ್ರ. ಹಾಗಾದರೆ ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನ ಒಂದು ಹಿಡಿ ತನ್ನಿ ಎಂದರು ಮೇಡಂ. ಅವನು ಅವತ್ತೇ ಸಂಜೆ ಬೀಜ ತಂದು ಬಿತ್ತಿದ.

ಇವತ್ತು ಆ ದಿನ. ಸಾಲದೆಂಬಂತೆ ವರ್ಗಾವಣೆ ಪಟ್ಟಿ ಹೊರಡುವುದೂ ಇವತ್ತೇ. ಬಸ್ಸಿನಲ್ಲಿ ಏಳು ಗಂಟೆ ಪ್ರಯಾಣದಾಚೆ ಒಂದು ಪಂಪ್‌ಹೌಸ್ ಇತ್ತು, ಅಲ್ಲಿಗೆ ಹೋಗುವವರಲ್ಲಿ ಇವನ ಹೆಸರಿತ್ತು. ಮೇಡಂ ಮನಸ್ಸು ಮಾಡಿ ಪೆನ್ನಿನಿಂದ ಒಂದು ಗೀಟು ಎಳೆದರೆ ಬಚಾವು. ಇಲ್ಲದಿದ್ದರೆ ಹೆಂಡತಿಯ ಸ್ಕೂಲು ಕೆಲಸ ಇಲ್ಲಿ, ಗಂಡ ಅಲ್ಲಿ.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರರ ತಲೆ ಮೇಲೆದ್ದಿತು. ಗಿಡಗಳು ಕವಾಯಿತಿಗೆ ನಿಂತ ಹುಡುಗರಂತೆ ಕಾಣುತ್ತಿವೆ ಎಂದು ಹೊಗಳಿ, ಅದರ ಗುಟ್ಟನ್ನೂ ಅವರೇ ಹೇಳಿದರು. ಪ್ರತಿ ಭಾನುವಾರ ಗಂಡ ಹೆಂಡತಿ ಮನೆಯಲ್ಲಿಲ್ಲದ ಹೊತ್ತಿಗೆ ಗೋಡೆಯ ಮೇಲಿಂದ ಒಂದು ಬುಟ್ಟಿ ಗೊಬ್ಬರ ಸುರಿಯುತ್ತಿದ್ದರಂತೆ.

ಗುಮಾಸ್ತನ ಬಾಯಿಂದ ಬ್ರಷ್ಷು ಜಾರಿತು. "ಮಾಸ್ತರೇ, ಗೊಬ್ಬರ ಹೆಚ್ಚಾದ್ರೆ ಹೂ ಬರಲ್ಲ, ಬರೀ ಎಲೆ ಬರುತ್ತೆ ಅಂತ ಪೊಟ್ಟಣದ ಮೇಲೇ ಬರೆದಿತ್ತು."

"ಅದು ಸೋಮಾರಿಗಳಿಗೆ ಬರೆದಿರೋದಪ್ಪ," ಎಂದರು ಮಾಸ್ತರರು. ಬೇಕಾದರೆ ಇನ್ನೊಂದು ಬುಟ್ಟಿ ಇದೆ ಎಂದೂ ಸೇರಿಸಿದರು.

ಒಳಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ ಗಂಡನನ್ನು ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. ಅವಳು ಸ್ಕೂಲಿನಲ್ಲಿ ಕ್ರಾಫ್ಟ್ ಟೀಚರು. "ಎಲೆ ಅಸಲಿ ಇದೆಯಲ್ಲ ರೀ. ಹೂ ಮಾತ್ರ ನಾನು ಮಾಡ್ಕೊಡ್ತೀನಿ" ಎಂದು ಗುಲಾಬಿ ಬಣ್ಣದ ಕಾಗದದ ಸುರುಳಿ ಬಿಚ್ಚಿದಳು. ಹೂವಿಗೆ ಎಂಟೆಂಟು ದಳ, ದಳದ ತುದಿಗೆ ಹಲ್ಲುಹಲ್ಲಾದ ಅಂಚು, ನಡುವೆ ಹಳದಿ ಉಣ್ಣೆಯ ಚುಕ್ಕೆ. ಒಂಬತ್ತು ಗಂಟೆಯೊಳಗೆ ಹನ್ನೆರಡು ಹೂಗಳು ಅಸಲಿ ಗಿಡದ ಟೊಂಗೆಗಳ ತುದಿಯಲ್ಲಿ ನಗುತ್ತಿದ್ದವು. ಗುಮಾಸ್ತನಿಗೆ ನಗು ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹಿಡಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಪಕ್ಕದವರು ಸೀನಿದರೂ ಬೆಚ್ಚಿ ಬೀಳುತ್ತ ಕಚೇರಿ ಮುಟ್ಟಿದ.

ಹೂದಾನಿಯನ್ನು ಮೇಡಂ ಮೇಜಿನ ದೂರದ ಮೂಲೆಗಿಟ್ಟ. ಫ್ಯಾನು ತಿರುಗಿತು, ಹೂಗಳು ಸರಸರ ಸದ್ದು ಮಾಡಿದವು. ಓಡಿಹೋಗಿ ಫ್ಯಾನು ಆರಿಸಿದ. ಸೆಕೆಯೆಂದು ಟಪಾಲು ಗುಮಾಸ್ತ ಮತ್ತೆ ಹಾಕಿದ. ಮೂರು ಸಲ ಹೀಗೇ ಆಯಿತು. ಆಮೇಲೆ ಆ ಟಪಾಲು ಗುಮಾಸ್ತನೇ ನೀರಿನ ಜಗ್ಗು ಹಿಡಿದು, ಹೂವಿನ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ತಾಜಾ ಕಾಣುತ್ತದೆಂದು ಬಂದ. ಬಣ್ಣ ಬಿಟ್ಟರೆ ಕತೆ ಮುಗಿಯಿತು. ಗುಮಾಸ್ತ ಜಗ್ಗನ್ನು ಕಸಿದುಕೊಂಡು, ಬೇರೇನೂ ತೋಚದೆ, ತಳ ಕಾಣುವ ತನಕ ಗಟಗಟ ಕುಡಿದುಬಿಟ್ಟ.

ಸಾಹೇಬರು ಬಂದದ್ದು ಅದಾದ ಒಂದು ಗಂಟೆಗೆ. ಅಷ್ಟರಲ್ಲಿ ಕುಡಿದ ನೀರು ತನ್ನ ಕೆಲಸ ಶುರು ಮಾಡಿತ್ತು. ಆದರೆ ಹೂ ಬಿಟ್ಟು ಹೋಗುವ ಧೈರ್ಯವಿಲ್ಲದೆ ಗುಮಾಸ್ತ ಕಾಲಿಗೆ ಕಾಲು ಹೆಣೆದು ಗೋಡೆಗಂಟಿ ನಿಂತ. ಸಾಹೇಬರು ಕಡತ ಬಿಟ್ಟು ಹೂವಿನತ್ತ ಬಾಗಿದರು.

"ವಾಸನೆ ಇಲ್ವಲ್ರೀ," ಎಂದರು ಸಾಹೇಬರು.

"ಈ ಜಾತಿಗೆ ಅಷ್ಟಾಗಿ ವಾಸನೆ ಇರಲ್ಲ ಸರ್." ಅದು ನಿಜವೇ ಆಗಿತ್ತು.

"ಬೆಳಿಗ್ಗೆ ಕತ್ತರಿಸಿದ್ದಾ?"

"ಬೆಳಿಗ್ಗೇನೇ ಸರ್. ನಮ್ಮನೆಯವಳು ಕೂತ್ಕೊಂಡು ಒಂದೊಂದಾಗಿ ಕತ್ತರಿಸಿದ್ದು." ಅದೂ ನಿಜ.

ಮಧ್ಯಾಹ್ನವಾದರೂ ಒಂದು ದಳ ಬಾಡಿಲ್ಲ ಎಂದು ಸಾಹೇಬರು ಎರಡು ಸಲ ಹೇಳಿ, ಇವನ ಹೆಸರು ಕೇಳಿ ಬರೆದುಕೊಂಡು ಹೊರಟರು. ವರ್ಗಾವಣೆ ಪಟ್ಟಿಯ ಕಡತ ಹಿಡಿದು ಮೇಡಂ ಅವರನ್ನು ಜೀಪಿನ ತನಕ ಕಳಿಸಲು ಹೋದರು. ಜೀಪಿನ ಸದ್ದು ಅಡಗುವ ಮೊದಲೇ ಗುಮಾಸ್ತ ಶೌಚಾಲಯದಲ್ಲಿದ್ದ. ಗೆದ್ದೆ ಎಂದುಕೊಂಡು, ಮುಖ ತೊಳೆದು, ಹಗುರಾಗಿ ಹೊರಬಂದಾಗ ಒಳಗೆ ಬರಬೇಕೆಂದು ಮೇಡಂ ಹೇಳಿ ಕಳಿಸಿದ್ದರು.

ಮೇಡಂ ಬಾಗಿಲು ಹಾಕಿಸಿ ವರ್ಗಾವಣೆ ಪಟ್ಟಿಯನ್ನು ಅವನ ಮುಂದಿಟ್ಟರು. ಅವನ ಹೆಸರಿನ ಮೇಲೆ ನೀಲಿ ಗೀಟು ಎಳೆದಿತ್ತು. ಅದರ ಕೆಳಗೆ ಹಸಿರು ಶಾಯಿಯಲ್ಲಿ ಅದೇ ಹೆಸರನ್ನು ಹೊಸದಾಗಿ ಬರೆದಿತ್ತು.

"ನಾನು ಬೆಳಿಗ್ಗೆ ತೆಗೆದಿದ್ದೆ," ಎಂದರು ಮೇಡಂ. "ಸಾಹೇಬರು ಸೇರಿಸಿದ್ರು. ಪಂಪ್‌ಹೌಸ್ ಸುತ್ತ ಎರಡು ಎಕರೆ ಬೀಳು ಬಿದ್ದಿದೆಯಂತೆ. ಪೂರ್ತಿ ಕಾಸ್ಮಾಸ್ ಹಾಕಿಸ್ಬೇಕಂತೆ. ಹೂ ಬಾಡದ ಹಾಗೆ ಬೆಳೆಯೋ ಕೈ ಇಡೀ ಇಲಾಖೆಯಲ್ಲಿ ನಿಮ್ಮದೊಂದೇ ಅಂದ್ರು."

ಗುಮಾಸ್ತ ಹೂದಾನಿಯತ್ತ ಬೊಟ್ಟು ಮಾಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆನಿಸಿ, "ಮೇಡಂ, ಅದು ಕಾಗದದ್ದು" ಎಂದ.

ಮೇಡಂ ಹೂದಾನಿಯತ್ತ ತಿರುಗಿಯೂ ನೋಡಲಿಲ್ಲ. "ಗೊತ್ತು. ಹತ್ತು ಗಂಟೆಗೇ ಮುಟ್ಟಿ ನೋಡಿದ್ದೆ. ಆದ್ರೆ ಸಾಹೇಬರು ಕೇಳಿದಾಗ, ನಿಮ್ಮ ತೋಟಕ್ಕೆ ಹೋಗಿ ಕಣ್ಣಾರೆ ನೋಡಿದೀನಿ ಅಂತ ನಾನೂ ಹೇಳ್ಬಿಟ್ಟೆ. ಈಗ ನೀವು ಬಾಯಿ ಬಿಟ್ರೆ ಪಂಪ್‌ಹೌಸ್‌ಗೆ ಇಬ್ರೂ ಹೋಗ್ಬೇಕಾಗುತ್ತೆ."

ಸಂಜೆ ಬಾಗಿಲಲ್ಲೇ ಕಾದಿದ್ದ ಹೆಂಡತಿ, ಹೂ ಸಾಹೇಬರಿಗೆ ಹಿಡಿಸಿತೇ ಎಂದು ಕೇಳಿದಳು. ತುಂಬಾ ಹಿಡಿಸಿತು ಎಂದ ಗುಮಾಸ್ತ. ಚಪ್ಪಲಿ ಬಿಟ್ಟು, ಗೋಡೆಗೊರಗಿ ಕೂತು, ಮನೆಯಲ್ಲಿ ಇನ್ನೆಷ್ಟು ಕಾಗದವಿದೆ ಎಂದು ವಿಚಾರಿಸಿದ.

"ಅರ್ಧ ಸುರುಳಿ ಇರ್ಬೇಕು. ಯಾಕೆ ರೀ, ಇನ್ನೆಷ್ಟು ಬೇಕು?"

"ಎರಡು ಎಕರೆಗಾಗುವಷ್ಟು," ಎಂದ ಗುಮಾಸ್ತ.