ಭಾವನ ಆಲ್ಬಮ್ ಮತ್ತು ನಾನು ಹೋಗದ ಸಭೆ

ಕಳೆದ ನವೆಂಬರ್‌ನ ಎರಡನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಅಮೆರಿಕದ ಮೌಂಟನ್ ವ್ಯೂನ ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸಿನಲ್ಲಿ ಇಲ್ಲಿನ ಕನ್ನಡಿಗರ ಚರ್ಚಾಕೂಟ ನಡೆಯಿತು. ವಿಷಯ: ಗ್ರಂಜ್ ಎಂಬ ರಾಕ್ ಸಂಗೀತದ ಒಂದು ಪ್ರಸಿದ್ಧ ಆಲ್ಬಮ್ ತನಗೆ ಸಿಕ್ಕಿರುವ ಕೀರ್ತಿಗೆ ಅರ್ಹವೇ? ಕನ್ನಡ ಕೂಟದಲ್ಲಿ ಇಂಥ ವಿಷಯ ಹೇಗೆ ಬಂತು ಎನ್ನುತ್ತೀರಾ? ನನ್ನ ಭಾವ ಇರುವ ಕಡೆ ಬೇರೆ ವಿಷಯ ಬರುವುದಾದರೂ ಹೇಗೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿಯವರು, ಹೇವರ್ಡ್‌ನ ಗೋದಾಮೊಂದರಲ್ಲಿ ಮೇಲ್ವಿಚಾರಕರು. ಈ ಭೂಮಿಯ ಮೇಲೆ ಸಂಗೀತ ಒಂದೇ ಒಂದು ಸಲ ಸರಿಯಾಗಿ ಹುಟ್ಟಿತು, ಅದೂ ತೊಂಬತ್ತರ ದಶಕದ ಆರಂಭದಲ್ಲಿ, ಹರಿದ ಸ್ವೆಟರು ತೊಟ್ಟು ಗಿಟಾರು ಬಡಿಯುತ್ತ ಕಿರುಚಿದ ಕೆಲವು ಅಮೆರಿಕನ್ ಹುಡುಗರ ಕೈಯಲ್ಲಿ ಎಂಬುದು ಅವರ ನಂಬಿಕೆ. ಆಲ್ಬಮ್‌ನ ಹೆಸರು ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ಭಾವನ ಪಕ್ಷ ಸೇರುತ್ತಾರೆ, ಉಳಿದವರು ಅವರ ಕೈಯ ಊಟ ಕಳೆದುಕೊಳ್ಳುತ್ತಾರೆ.

ಉತ್ಪ್ರೇಕ್ಷೆಯಲ್ಲ. ಕ್ಯುಪರ್ಟಿನೋದ ಗೃಹಪ್ರವೇಶವೊಂದರಲ್ಲಿ ಯಾರೋ ಒಬ್ಬರು, "ಅದರಲ್ಲಿ ಅಂಥಾದ್ದೇನಿದೆ ಸಾರ್? ಮೆಲ್ಲಗೆ ಶುರು, ಆಮೇಲೆ ಗಲಾಟೆ, ಮತ್ತೆ ಮೆಲ್ಲಗೆ, ಮತ್ತೆ ಗಲಾಟೆ!" ಎಂದರು. ಹಪ್ಪಳ ಬಡಿಸುತ್ತಿದ್ದ ಭಾವ ಅವರ ತಟ್ಟೆ ದಾಟಿ ಮುಂದೆ ಹೋದರು.

"ಭಾವ, ಅವರಿಗೂ ಹಾಕಿ," ಎಂದೆ.

"ಬೇಡ ಮಾರಾಯ. ಹಪ್ಪಳ ಗಲಾಟೆ ಮಾಡ್ತದೆ. ಅವರಿಗೆ ಆಗುವುದಿಲ್ಲ."

ಇನ್ನೊಮ್ಮೆ ಧಾರವಾಡದಿಂದ ಬಂದಿದ್ದ ಗೆಳೆಯರ ತಂದೆಯನ್ನು ಏರ್‌ಪೋರ್ಟಿನಿಂದ ಕರೆತರುತ್ತಿದ್ದೆವು. ಫ್ರೀವೇ ಹತ್ತುತ್ತಲೇ ಭಾವ ಆಲ್ಬಮ್ ಹಾಕಿದರು. ಹಿರಿಯರು ಹತ್ತು ನಿಮಿಷ ತಡೆದುಕೊಂಡರು.

"ತಮ್ಮಾ, ಗಾಡಿ ಭಾಳ ಸಪ್ಪಳ ಮಾಡಾಕತ್ತೈತಿ. ಬಾಜೂಕ ನಿಂದರಿಸಿ ಇಂಜಿನ್ ನೋಡು."

"ಇಂಜಿನ್ ಅಲ್ಲ ಅಜ್ಜ, ಮೂರನೇ ಹಾಡು."

"ಹೌದೇನು? ಹಂಗಾರ ಅದನ್ನರ ರಿಪೇರಿ ಮಾಡಸು!"

ಅಜ್ಜನಿಗೆ ವಯಸ್ಸಿನ ರಿಯಾಯಿತಿ ಸಿಕ್ಕಿತು. ಊಟವೂ ಸಿಕ್ಕಿತು.

ಈಗ ಚರ್ಚಾಕೂಟಕ್ಕೆ ಬರುತ್ತೇನೆ. ಬರಲೇಬೇಕು, ಮನಸ್ಸಿಲ್ಲದಿದ್ದರೂ. ಆಹ್ವಾನ ಪತ್ರಿಕೆಯ ಪ್ರಕಾರ ಆಲ್ಬಮ್‌ನ ಪರವಾಗಿ ಭಾವ, ವಿರುದ್ಧವಾಗಿ ಅವರದೇ ಮಗಳು. ಹದಿನೇಳು ವರ್ಷದ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಾನು ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷ ವರದಿಗಾರನಾಗಿದ್ದವನು. ಈಗ ಇಲ್ಲಿನ ಕನ್ನಡಿಗರ ಸಣ್ಣ ಮಾಸಪತ್ರಿಕೆಯೊಂದಕ್ಕೆ ಸಂಪಾದಕ. ಸಣ್ಣಪುಟ್ಟ ಸಭೆಗಳ ವರದಿಯನ್ನು ಆಹ್ವಾನ ಪತ್ರಿಕೆ ನೋಡಿ ಮುಂಚೆಯೇ ಬರೆದಿಡುವ ಅಭ್ಯಾಸ ನಮ್ಮಲ್ಲಿತ್ತು. ದೀಪವನ್ನಂತೂ ಹಚ್ಚೇ ಹಚ್ಚುತ್ತಾರೆ, ವಂದನಾರ್ಪಣೆ ಆಗಿಯೇ ಆಗುತ್ತದೆ. ಆಮೇಲೆ ಸಭೆಗೆ ಹೋಗಿ ಖಚಿತಪಡಿಸಿಕೊಂಡರೆ ಆಯಿತು. ಅದರಂತೆ ಈ ವರದಿಯನ್ನು ಶುಕ್ರವಾರವೇ ಬರೆದೆ. ಶನಿವಾರ ಖಚಿತಪಡಿಸಿಕೊಳ್ಳಲು ಹೋಗಬೇಕಾದವನು ಊಟ ಮಾಡಿ ಮಲಗಿಬಿಟ್ಟೆ. ಎಚ್ಚರವಾದಾಗ ಐದೂವರೆ. ಆರಕ್ಕೆ ಪುಟಗಳು ಮುದ್ರಣಕ್ಕೆ ಹೋಗಬೇಕಿತ್ತು. ಕಳಿಸಿದೆ.

ಅಚ್ಚಾದದ್ದು ಇಷ್ಟು: "ತಂದೆ ಆಲ್ಬಮ್‌ಗಿಂತ ಜೋರಾಗಿ ಕಿರುಚಿದರು. ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಸಭಿಕರು ಉಪ್ಪಿಟ್ಟಿನ ಕಡೆ ನಡೆದರು." ಆ 'ಎಂದಿನಂತೆ' ಎಂಬ ಪದ ಬರೆದಾಗ ಒಬ್ಬನೇ ಕೂತು ನಕ್ಕಿದ್ದೆ.

ಪತ್ರಿಕೆ ಮನೆಮನೆ ತಲುಪಿದ ದಿನ ಅಕ್ಕ ಫೋನು ಮಾಡಿದಳು.

"ಆವತ್ತು ನೀನು ಎಲ್ಲಿ ಕೂತಿದ್ದೆ?"

"ಹಿಂದಗಡೆ, ಅಕ್ಕ."

"ಹಿಂದೆ ಕೂತವರಿಗೆ ಕನ್ನಡ ಇಂಗ್ಲಿಷ್ ಥರ ಕೇಳಿಸುತ್ತೇನೋ?"

ನಾನು ಮೇಜಿನ ಮೇಲಿದ್ದ ಪತ್ರಿಕೆಯನ್ನು ಮಗುಚಿಟ್ಟೆ.

"ಏಳು ನಿಮಿಷ ಕನ್ನಡದಲ್ಲಿ ಮಾತಾಡಿದಳು ಕಣೋ, ಚೀಟಿ ನೋಡದೆ! ಆಲ್ಬಮ್ಮನ್ನ ಬೈಯೋಕೆ ಬಿಟ್ಟರೆ ಕನ್ನಡದಲ್ಲಿ ಬೈತೀನಿ ಅಂತ ಅವರಪ್ಪನ ಹತ್ರ ಕರಾರು ಮಾಡ್ಕೊಂಡಿದ್ದಳು. ಇವರೇ ಅವಳನ್ನ ಕಾರಲ್ಲಿ ಕೂರಿಸ್ಕೊಂಡು ಆರು ವಾರ ಹೇಳಿಕೊಟ್ಟರು. ಅದರಲ್ಲಿರೋ ತಪ್ಪೆಲ್ಲ ಹುಡುಕಿ ಹುಡುಕಿ ಕೊಟ್ಟಿದ್ದೂ ಇವರೇ."

"ಭಾವನಾ? ಆ ಆಲ್ಬಮ್‌ನಲ್ಲಿ ತಪ್ಪು ಹುಡುಕಿದ್ದಾ?"

"ಹೂಂ. ಈಗ ಅವಳು ನಿನ್ನ ಪೇಪರ್ ಹಿಡ್ಕೊಂಡು, 'ಮಾಮ ಬರೆದಿದ್ದಾರೆ ಅಂದ್ಮೇಲೆ ನಾನು ಮಾತಾಡಿದ್ದು ಕನ್ನಡ ಥರ ಇರಲಿಲ್ಲ ಅಂತ ಕಾಣುತ್ತೆ' ಅಂತಾಳೆ. ಅದನ್ನೂ ಇಂಗ್ಲಿಷಲ್ಲೇ. ಪೇಪರ್ ಓದಿದಾಗಿಂದ ಒಂದು ಕನ್ನಡ ಮಾತು ಆಡಿಲ್ಲ."

ಇಪ್ಪತ್ತು ವರ್ಷಗಳಲ್ಲಿ ನಾನು ಮಂತ್ರಿಗಳ ಹೇಳಿಕೆ ತಪ್ಪಾಗಿ ಬರೆದದ್ದುಂಟು. ಅವರಿಗೆ ನಿರಾಕರಿಸಲು ಬರುತ್ತಿತ್ತು. ಈ ಹುಡುಗಿ ನಿರಾಕರಿಸಲಿಲ್ಲ, ನಂಬಿಬಿಟ್ಟಳು.

ಮರುದಿನ ಹೇವರ್ಡ್‌ನ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದವರು ಭಾವ.

"ಬನ್ನಿ ವರದಿಗಾರರೇ! ನಾವಿಲ್ಲಿ ಇನ್ನೂ ಎಂತದೂ ಮಾಡಲಿಲ್ಲ. ನೀವು ಬರೆದು ಮುಗಿಸಿ ಆಯ್ತಾ?"

ನಾನು ತಲೆ ತಗ್ಗಿಸಿಯೇ ಒಳಗೆ ಹೋಗಿ ಅಕ್ಕನ ಮಗಳಿಗೆ ಹೇಳಿದೆ: ಸಭೆಗೆ ನಾನು ಬಂದಿರಲಿಲ್ಲ. ಮನೆಯಲ್ಲಿ ಮಲಗಿದ್ದೆ. ನಿನ್ನ ಅಮ್ಮನಿಗೂ ಸುಳ್ಳು ಹೇಳಿದೆ. ನಿನ್ನ ಒಂದು ಮಾತನ್ನೂ ಕೇಳದೆ ಬರೆದೆ.

"ಯು ವರ್ ಸ್ಲೀಪಿಂಗ್?" ಎಂದಳು.

"ಹೌದು," ಎಂದೆ.

"ಇನ್ನೊಂದ್ಸಲ ಮಾತಾಡ್ತೀಯಾ? ಕೂತು ಬರ್ಕೋತೀನಿ," ಎಂದು ಕೇಳಿದೆ. ಅವಳು ಎದ್ದು ರೂಮಿಗೆ ಹೋದಳು. ಭಾವ ಹಿಂದೆ ಹೋಗಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಚಹಾ ಕೊಟ್ಟರು. 

ಡಿಸೆಂಬರ್ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ತಿದ್ದುಪಡಿ ಬಂದಿದೆ. ಸಂಪಾದಕರು ಸಭೆಯಲ್ಲಿ ಇರಲಿಲ್ಲ ಎಂದೂ ಅದರಲ್ಲಿದೆ.

ಅದನ್ನು ಓದಿದ ಮೇಲೆ, ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ತಮ್ಮ ಮನೆಯ ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಒರಗಿ ನಿಂತು ಅವತ್ತಿನ ಮಾತುಗಳನ್ನು ಮತ್ತೆ ಕನ್ನಡದಲ್ಲಿ ಆಡಿದಳು. ನಾನು ಬರೆದುಕೊಂಡೆ. ಭಾವ ಸೌತೆಕಾಯಿ ಹೆಚ್ಚುತ್ತಿದ್ದರು.

"ಈ ಆಲ್ಬಮ್ ಬಂದಾಗ ಇಪ್ಪತ್ತು ವರ್ಷ ಇದ್ದವರಿಗೆ ಈಗ ಐವತ್ತು ದಾಟಿದೆ. ಯಾವ ಆಲ್ಬಮ್ ಗ್ರೇಟ್ ಅಂತ ಲಿಸ್ಟ್ ಮಾಡೋದು ಅವರೇ. ಆದ್ರೆ ಅವರು ಹೊಗಳೋದು ಈ ಹಾಡುಗಳನ್ನ ಅಲ್ಲ. ಅವರ..."

ಪದ ಸಿಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

"ಪ್ರಾಯವನ್ನು," ಎಂದರು ಭಾವ, ಸೌತೆಕಾಯಿಯಿಂದ ತಲೆ ಎತ್ತದೆ.

"ಅವರ ಪ್ರಾಯವನ್ನು," ಎಂದಳು ಅವಳು.