ಎಂ.ಎಸ್. ಮಾಡಿದ ಗಾಲಿಗಳು

ತಾಳೆಮರಗಳ ಊರಿನಲ್ಲಿ ಕುಳಿತು ಹಿಮದ ಟೈರು ಹುಡುಕುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ನಾನು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಯಾವುದನ್ನೇ ಆಗಲಿ ಓದಿ, ಅಳೆದು, ಎರಡು ಸಲ ನೋಡಿ ಮಾಡುವ ಅಭ್ಯಾಸ. ಇಷ್ಟು ಎಚ್ಚರಿಕೆ ಇದ್ದೂ, 2006ರ ಚಳಿಗಾಲದಲ್ಲಿ ನಾಲ್ಕು ಟೈರು ಕೊಳ್ಳಲು ಹೊರಟಾಗ ಹೋದಲ್ಲೆಲ್ಲ ಒಂದೊಂದು ಪ್ರಸಂಗ ನನಗಾಗಿ ಕಾದು ಕುಳಿತಿತ್ತು.

ಕಾರಣ ನಮ್ಮ ಅತ್ತೆ. ಧಾರವಾಡದವರು. ಅವರ ಮಗ, ಅಂದರೆ ನನ್ನ ಯಜಮಾನರು, ಪ್ರತಿ ಫೋನಿನಲ್ಲೂ "ಈ ಸಲ ಬಾ ಯವ್ವಾ, ಬರ್ಫ ತೋರಸ್ತೀನಿ" ಎನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಐಸೂ ಬರ್ಫ, ಹಿಮವೂ ಬರ್ಫ. ತೋರಿಸಬೇಕಾದವರು ಹಿಂದಿನ ವರ್ಷ ಹೃದಯಾಘಾತವಾಗಿ ಹೋಗಿಬಿಟ್ಟರು. ಅತ್ತೆ ಆರು ತಿಂಗಳ ವೀಸಾದ ಮೇಲೆ ನನ್ನ ಜೊತೆ ಇರಲು ಬಂದರು. ಫೆಬ್ರವರಿಯಲ್ಲಿ ಅವರು ವಾಪಸು ಹೋಗಬೇಕಿತ್ತು. ಅಷ್ಟರೊಳಗೆ ಅವರಿಗೆ ಹಿಮ ತೋರಿಸಿಯೇ ಕಳಿಸಬೇಕು ಎಂದು ನಿಶ್ಚಯಿಸಿದೆ.

ಹಿಮ ಬಹಳ ದೂರವೇನಿರಲಿಲ್ಲ. ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಬಿಗ್ ಬೇರ್ ಎಂಬ ಬೆಟ್ಟದೂರು. ತೊಡಕು ಬೇರೆಯೇ ಇತ್ತು. ಬೆಟ್ಟದ ರಸ್ತೆ ಬಂದರೆ ಯಾವಾಗಲೂ ಯಜಮಾನರೇ ಡ್ರೈವ್ ಮಾಡುತ್ತಿದ್ದರು. ನಾನು ಒಮ್ಮೆಯೂ ಮಾಡಿದವಳಲ್ಲ. ನನಗೆ ಹೆದರಿಕೆಯಿತ್ತು. ಹೆದರಿಕೆಗೆ ನನಗೆ ಗೊತ್ತಿರುವ ಔಷಧಿ ಪೂರ್ವಸಿದ್ಧತೆ ಒಂದೇ. ಆದ್ದರಿಂದ ಟೈರು.

ಗಾಲಿಗೂ ಡಿಗ್ರಿ

ಮೊದಲು ಮನೆಯ ಹತ್ತಿರದ ಟೈರ್ ಅಂಗಡಿಗೆ ಹೋದೆವು. ಹಿಮದ ಟೈರು ಬೇಕು ಎಂದೆ. ಕೌಂಟರಿನಾತ ಮರ್ಯಾದಸ್ಥ. ನಗಲಿಲ್ಲ. ಯಾವ ರಾಜ್ಯಕ್ಕೆ ಮನೆ ಬದಲಾಯಿಸುತ್ತಿದ್ದೀರಿ ಎಂದು ಕೇಳಿದ. ಎಲ್ಲಿಗೂ ಇಲ್ಲ, ಇಲ್ಲೇ ಇರುತ್ತೇವೆ ಎಂದೆ. ಆತ ಒಳಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಸಹಾಯಕ್ಕೆ ಕರೆತಂದ ಎಂದುಕೊಂಡೆ. ಅಲ್ಲ, ನಮ್ಮನ್ನು ನೋಡುವುದಕ್ಕೆ. ಹಿಂದೊಮ್ಮೆ ಒಬ್ಬರು ಹಿಮದ ಟೈರು ಕೇಳಿಕೊಂಡು ಬಂದಿದ್ದರಂತೆ, ಆದರೆ ಅವರು ವಿಳಾಸ ತಪ್ಪಿ ಬಂದವರಂತೆ.

ಆಮೇಲೆ ಹೊರಗೆ ಬಂದು ನಮ್ಮ ಕಾರಿನ ಟೈರುಗಳನ್ನೇ ತೋರಿಸಿದ. ಪ್ರತಿಯೊಂದರ ಬದಿಯಲ್ಲೂ 'ಎಂ' ಮತ್ತು 'ಎಸ್' ಎಂಬ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿದ್ದವು. ಕೆಸರಿಗೂ ಹಿಮಕ್ಕೂ ಆಗುತ್ತದೆ ಎಂದು ಅದರ ಅರ್ಥ, ಕಾನೂನಿಗೆ ಇಷ್ಟು ಸಾಕು ಎಂದ. ಅತ್ತೆ ಕನ್ನಡಕ ಏರಿಸಿ, ಬಗ್ಗಿ, ನಾಲ್ಕು ಗಾಲಿಯನ್ನೂ ಸುತ್ತಿ ಓದಿಕೊಂಡು ಬಂದರು.

"ಏನವಾ, ಈ ದೇಶದಾಗ ಗಾಲಿನೂ ಎಂ.ಎಸ್. ಮಾಡ್ಯಾವ? ನಿನ್ನ ಗಂಡ ಎರಡು ವರ್ಷ ನಿದ್ದಿಗೆಟ್ಟು ಮಾಡಿದ್ದ. ಇವು ನಾಕೂ ಒಮ್ಮೆಲೇ ಮಾಡಿ ಕುಂತಾವ."

ಕಾನೂನಿಗೆ ಸಾಕಾದದ್ದು ನನಗೆ ಸಾಕಾಗಲಿಲ್ಲ. ನಿಜವಾದ ಹಿಮದ ಟೈರಿನ ಮೇಲೆ ಬೆಟ್ಟದ ಚಿತ್ರ, ಅದರೊಳಗೊಂದು ಹಿಮದ ಹರಳಿನ ಗುರುತು ಇರುತ್ತದೆ, ಅದರ ರಬ್ಬರ್ ಚಳಿಯಲ್ಲೂ ಮೆತ್ತಗಿರುತ್ತದೆ, ನನಗೆ ಅದೇ ಬೇಕು ಎಂದು ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿ ತಲೆಯಾಡಿಸಿದರು.

"ಹಂಗನ್ನು ಮತ್ತ. ನಿನಗ ಪಿಎಚ್.ಡಿ. ಆದದ್ದು ಬೇಕು."

ಪೊಮೊನಾದ ತಜ್ಞರು

ಆ ಭಾನುವಾರ ಪೊಮೊನಾದಲ್ಲಿ ಪರಿಚಯದವರ ಮನೆಯಲ್ಲಿ ಊಟ. ಬಂದಿದ್ದ ಗಂಡಸರೆಲ್ಲ ಇಂಜಿನಿಯರುಗಳು. ನಾನು ಟೈರಿನ ಮಾತು ತೆಗೆದದ್ದೇ ತಡ, ಹೋಳಿಗೆ ತಟ್ಟೆಯಲ್ಲೇ ಉಳಿಯಿತು.

ಒಬ್ಬರು, ಟೈರು ಯಾವುದಾದರೂ ಆಗಲಿ, ಡಿಕ್ಕಿಯಲ್ಲಿ ಎರಡು ಅಕ್ಕಿ ಚೀಲ ಹಾಕಿಬಿಡಿ ಮೇಡಂ, ತೂಕಕ್ಕೆ ಗಾಡಿ ಜಾರುವುದಿಲ್ಲ ಎಂದರು. ಇನ್ನೊಬ್ಬರು, ಇವರ ಕಾರನ್ನು ಎಳೆಯುವುದು ಮುಂದಿನ ಗಾಲಿ, ಹಿಂದೆ ಭಾರ ಹಾಕಿದರೆ ಮುಂದಿನದು ಹಗುರವಾಗಿ ಇನ್ನಷ್ಟು ಜಾರುತ್ತದೆ ಎಂದರು. ಮೂರನೆಯವರು, ಅಕ್ಕಿಯೂ ಬೇಡ ಏನೂ ಬೇಡ, ಗಾಳಿ ಸ್ವಲ್ಪ ಇಳಿಸಿ ಎಂದರು. ಪೇಪರ್ ನ್ಯಾಪ್ಕಿನ್ನಿನ ಮೇಲೆ ಕಾರು ಮೂಡಿತು. ಕಾರಿಗೆ ಬಾಣಗಳು ಮೂಡಿದವು. ಒಂದು ಬಾಣ ತಿರುಗುಮುರುಗಾಗಿತ್ತು. ಅಭ್ಯಾಸಬಲ, ನಾನು ಪೆನ್ನು ತೆಗೆದು ತಿದ್ದಿದೆ. ಬರೆದವರು ಹೈಸ್ಕೂಲ್ ಹುಡುಗನ ಹಾಗೆ "ಸಾರಿ ಮೇಡಂ" ಎಂದರು.

ಚರ್ಚೆ ಪಾಯಸದವರೆಗೂ ನಡೆಯಿತು. ಆಗ ಅತ್ತೆ ಬಾಯಿ ಬಿಟ್ಟರು. "ಅಲ್ರೀ, ನಿಮ್ಮೊಳಗ ಬರ್ಫದಾಗ ಗಾಡಿ ಹೊಡದವರು ಯಾರದೀರಿ?"

ಎಲ್ಲರೂ ಪಾಯಸದ ಬಟ್ಟಲಿಗೆ ಕೈಹಾಕಿದರು. ಕೊನೆಗೆ ನಮ್ಮನ್ನು ಊಟಕ್ಕೆ ಕರೆದಿದ್ದವರು ಹೇಳಿದರು: "ಅಮ್ಮಾ, ಹಿಮ ಬೇಡ ಅಂತಲೇ ನಾವೆಲ್ಲ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದ್ದು."

ಸ್ಯಾನ್ ಡಿಯಾಗೋದಲ್ಲಿ ಹೆಣ್ಣು ನೋಡಿದ್ದು

ಆ ಊಟದಿಂದ ಒಂದು ಲಾಭವಾಯಿತು. ಸ್ಯಾನ್ ಡಿಯಾಗೋದಲ್ಲಿ ಮೈಸೂರು ಕಡೆಯವರೊಬ್ಬರಿದ್ದಾರೆ, ಮೊದಲು ಹಿಮ ಸುರಿಯುವ ಮಿನ್ನೆಸೋಟಾದಲ್ಲಿದ್ದವರು, ಅಲ್ಲಿಂದ ಬರುವಾಗ ತಂದ ಹಿಮದ ಟೈರು ಅವರ ಗ್ಯಾರೇಜಿನಲ್ಲಿದೆ, ನಿಮ್ಮದೇ ಮಾಡೆಲ್ ಕಾರು ಎಂದು ಯಾರೋ ಹೇಳಿದರು. ಫೋನ್ ಮಾಡಿದೆ. ಅವರು ಸ್ವಲ್ಪ ತಡೆದು, ಬಂದು ನೋಡಿ, ಒಪ್ಪಿಗೆಯಾದರೆ ಮುಂದೆ ಮಾತಾಡೋಣ ಎಂದರು.

ಶನಿವಾರ ಅತ್ತೆಯೂ ನಾನೂ ಹೋದೆವು. ಕಿಟಕಿಯಾಚೆ ಸಮುದ್ರ. ಜನವರಿಯಲ್ಲಿ ಮನೆಯವರೆಲ್ಲ ಅರ್ಧ ತೋಳಿನ ಅಂಗಿಯಲ್ಲಿದ್ದರು. ಇಲ್ಲಿ ಈ ಟೈರು ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದರೆ ಅವರು ಸಮುದ್ರದ ಕಡೆ ಅನುಮಾನದಿಂದ ನೋಡಿ, ಹವಾಮಾನವನ್ನು ನಂಬುವ ಹಾಗಿಲ್ಲ ಎಂದರು. ಅವರ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, ಹೇಗಾದರೂ ಮಾಡಿ ನಾಲ್ಕನ್ನೂ ಕರೆದುಕೊಂಡು ಹೋಗಿ, ನನ್ನ ಕಾರು ಒಂದು ದಿನವೂ ಗ್ಯಾರೇಜು ಕಂಡಿಲ್ಲ ಎಂದರು.

ಉಪ್ಪಿಟ್ಟು ಬಂತು. ಕೇಸರಿಬಾತು ಬಂತು. ಆಮೇಲೆ ಆತ ಟೈರುಗಳನ್ನು ಒಂದೊಂದಾಗಿ ಹೊರಗೆ ಕರೆತಂದು ಗೋಡೆಗೆ ಒರಗಿಸಿದರು. ಹಳೆಯ ಹೊದಿಕೆ ಹೊದಿಸಿದ್ದರು. ಅದನ್ನು ತೆಗೆದು, ಒಂದು ದಿನ ಬಿಸಿಲಿಗೆ ಬಿಟ್ಟಿಲ್ಲ, ಒಂದು ಪಂಕ್ಚರ್ ಇಲ್ಲ, ಯಾರ ಕೈಯಲ್ಲೂ ಒಂದು ಮಾತು ಅನ್ನಿಸಿಕೊಂಡಿಲ್ಲ ಎಂದರು.

ಅತ್ತೆ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು: "ಒಂದು ಹಾಡು ಹೇಳಸೂಣೇನು?"

ನಾನು ನಮ್ಮ ಕಾರಿನ ಟೈರಿನ ಅಳತೆ ಬರೆದುಕೊಂಡು ಹೋಗಿದ್ದೆ. ಅಗಲ, ಎತ್ತರ, ರಿಮ್ಮು, ಮೂರೂ ಹೊಂದಿದವು. ಅತ್ತೆ "ಜಾತಕ ಕೂಡ್ತು" ಎಂದರು. ಆತನ ಮುಖ ಸಣ್ಣಗಾಯಿತು, ಹೆಂಡತಿಯ ಮುಖ ಅರಳಿತು. ಉಳಿದದ್ದು ವಯಸ್ಸು. ಟೈರು ತಯಾರಾದ ವಾರ, ವರ್ಷ ಅದರ ಬದಿಯಲ್ಲೇ ಇರುತ್ತದೆ. ಈಗಿನವಕ್ಕೆ ನಾಲ್ಕು ಅಂಕಿ. ಎರಡು ಸಾವಿರದ ಇಸವಿಗಿಂತ ಹಿಂದಿನವಕ್ಕೆ ಮೂರೇ. ನಾನು ಟಾರ್ಚು ಹಿಡಿದು ನೋಡಿದೆ. ಮೂರೇ ಇದ್ದವು. ಉಗುರಿನಿಂದ ಒತ್ತಿದರೆ ರಬ್ಬರ್ ಕಲ್ಲಿನಂತಿತ್ತು.

"ಏನಂತ?" ಎಂದರು ಅತ್ತೆ.

"ಹೋದ ಶತಮಾನದವು ಅತ್ತೆ."

ಇದನ್ನು ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ. ಅತ್ತೆಗೆ ಅಂಥ ಕಷ್ಟವೇನೂ ಆಗಲಿಲ್ಲ. ಮಗನಿಗಾಗಿ ಎಷ್ಟು ಮನೆಯ ಉಪ್ಪಿಟ್ಟು ತಿಂದವರೋ. ಸೆರಗು ಸರಿಮಾಡಿಕೊಂಡು ಎದ್ದು, ಆ ಗಂಡ ಹೆಂಡತಿ ಇಬ್ಬರಿಗೂ ಕೈಮುಗಿದು ಹೇಳಿದರು:

"ಭಾಳ ಚೊಲೋ ಆತು. ಮನಿಗೆ ಹೋಗಿ ಕಾಗದ ಬರೀತೀವಿ."

ಅರಿಸಿನ, ಕುಂಕುಮ

ಕೊನೆಗೆ ಕಂಪ್ಯೂಟರಿನಲ್ಲಿ ಹುಡುಕಿ ಹೊಸ ಟೈರನ್ನೇ ಆರ್ಡರ್ ಮಾಡಿದೆ. ನಾನು ಶಾಲೆಯಲ್ಲಿದ್ದಾಗ ಮನೆಗೆ ಬಂದವು. ಸಂಜೆ ಬಂದು ನೋಡಿದರೆ ಅತ್ತೆ ನಾಲ್ಕನ್ನೂ ಹಾಲಿನಲ್ಲಿ ಸಾಲಾಗಿ ಒರಗಿಸಿ, ಅರಿಸಿನ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿದ್ದರು. ಹೊಸ ಗಾಡಿಗೆ ಮಾಡುವ ಪೂಜೆ ಹೊಸ ಗಾಲಿಗೆ ಯಾಕೆ ಬೇಡ ಎನ್ನುವುದು ಅವರ ವಾದ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಮರುದಿನ ಮನೆಯ ಹತ್ತಿರದ ಅದೇ ಟೈರ್ ಅಂಗಡಿಗೆ ಒಯ್ದೆವು. ಟೈರು ಜೋಡಿಸುವ ಹುಡುಗ ಮೊದಲನೆಯದನ್ನು ಎತ್ತಿದವನು ಹಾಗೇ ನಿಂತ. ಹೊಸ ಟೈರುಗಳ ಬದಿಯಲ್ಲಿ ಕಾರ್ಖಾನೆಯವರೇ ಒಂದು ಹಳದಿ ಚುಕ್ಕಿ, ಒಂದು ಕೆಂಪು ಚುಕ್ಕಿ ಇಟ್ಟಿರುತ್ತಾರಂತೆ. ಟೈರಿನ ಯಾವ ಜಾಗ ಹಗುರ, ಯಾವ ಜಾಗ ಉಬ್ಬು ಎಂಬುದರ ಗುರುತು. ಚುಕ್ಕಿಯನ್ನು ಗಾಳಿ ತುಂಬುವ ವಾಲ್ವಿಗೆ ಸರಿಯಾಗಿ ಕೂರಿಸಬೇಕು. ಇದು ನನಗೂ ಆವತ್ತೇ ಗೊತ್ತಾದದ್ದು.

ನಮ್ಮ ಟೈರಿನ ಮೇಲೆ ಸುತ್ತಲೂ ಹಳದಿ ಚುಕ್ಕಿ, ಸುತ್ತಲೂ ಕೆಂಪು ಚುಕ್ಕಿ. ಹುಡುಗ ಮೇಲ್ವಿಚಾರಕನನ್ನು ಕರೆದ. ಆತ ಬಂದು ಟೈರು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ಶ್ರದ್ಧೆಯಿಂದ ಗುರುತು ಹಾಕುವ ಕಾರ್ಖಾನೆಯನ್ನು ಈ ವೃತ್ತಿಯಲ್ಲಿ ಕಂಡಿಲ್ಲ, ಆದರೆ ಇದರಲ್ಲಿ ಯಾವ ಚುಕ್ಕಿಯನ್ನು ವಾಲ್ವಿಗೆ ಹೊಂದಿಸಬೇಕು ಎಂದು ಗಂಭೀರವಾಗಿ ಕೇಳಿದ. ನಾನು ಅತ್ತೆಗೆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

ಅತ್ತೆ ಅಷ್ಟೇ ಗಂಭೀರವಾಗಿ ಹೇಳಿದರು: "ಯಾವುದಕ್ಕಾದ್ರೂ ಹೊಂದಸಂತ ಹೇಳು. ದೇವರು ಎಲ್ಲಾ ಕಡೆ ಇರ್ತಾನ."

ಚೈನ್

ಹೊರಡುವ ಎರಡು ದಿನ ಮುಂಚೆ ನಮ್ಮ ಬೀದಿಯ ಸಾಹೇಬರು ಬಂದರು. ಮೈಸೂರಿನವರು, ಸ್ಯಾನ್ ಪೀಡ್ರೊ ಬಂದರಿನಲ್ಲಿ ಆಫೀಸ್ ಕೆಲಸ, ಯಜಮಾನರಿಗೆ ಬೇಕಾದವರು. ಪ್ರತಿ ವರ್ಷ ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದರಿಂದ ಅವರ ಮಾತಿಗೆ ತೂಕವಿತ್ತು. ಹೊಸ ಟೈರುಗಳನ್ನು ನೋಡಿ ಒಪ್ಪಿದರು. ಅತ್ತೆ ಕೊಟ್ಟ ಚಹಾ ಕುಡಿಯುತ್ತ ಕೊನೆಯ ಮಾತು ಹೇಳಿದರು.

"ಟೈರ್ ಇದ್ದರೂ ಚೈನ್ ಮಾತ್ರ ಇರಲೇಬೇಕು ಟೀಚರಮ್ಮ. ಕೆಳಗೇ ನಿಲ್ಲಿಸಿ ಕೇಳ್ತಾರೆ. ಚೈನ್ ಇಲ್ಲದವರನ್ನು ಮೇಲೆ ಬಿಡೋಲ್ಲ."

ಅತ್ತೆ ಚಹಾದ ಪಾತ್ರೆ ಹಿಡಿದು ನಿಂತಿದ್ದರು. "ಹೆಂಗಸರಿಗೂ ಹಂಗs ಏನ್ರೀ?"

"ಎಲ್ಲರಿಗೂ ಒಂದೇ ರೂಲ್, ಅಮ್ಮಾ."

ಅತ್ತೆ ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಸಾಹೇಬರು ಹೇಳಿದ್ದು ಹಿಮದಲ್ಲಿ ಹಿಡಿತಕ್ಕೆ ಗಾಲಿಗೆ ಸುತ್ತುವ ಕಬ್ಬಿಣದ ಸರಪಳಿ. ಮರುದಿನ ಶಾಲೆಯಿಂದ ಬರುತ್ತ ಒಂದು ಜೊತೆ ಕೊಂಡು ಡಿಕ್ಕಿಯಲ್ಲಿಟ್ಟೆ. ಅದನ್ನು ಅತ್ತೆಗೆ ತೋರಿಸಬೇಕೆಂದು ನನಗೆ ಹೊಳೆಯಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಯಜಮಾನರು ಹೋದ ಮೇಲೆ ನಾನು ಕೊರಳಿಗೆ ಏನೂ ಹಾಕುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ನನಗೇ ಮನಸ್ಸಿರಲಿಲ್ಲ. ಮದುವೆಯಲ್ಲಿ ಅತ್ತೆ ಹಾಕಿದ್ದ ಬಂಗಾರದ ಚೈನು ಬೀರುವಿನಲ್ಲಿತ್ತು. ಹಾಕಿಕೋ ಎಂದು ಅವರು ಬಂದ ಹೊಸದರಲ್ಲಿ ಹೇಳಿದ್ದರು. ನಾನು ಹಾಕಿಕೊಂಡಿರಲಿಲ್ಲ. ಅವರೂ ಮತ್ತೆ ಹೇಳಿರಲಿಲ್ಲ.

ಬೆಟ್ಟದ ದಾರಿ ಹತ್ತುವಾಗ ನಾನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದಿದ್ದೆ. ಅತ್ತೆ ತೊಡೆಯ ಮೇಲಿನ ಕೈಚೀಲವನ್ನು ಹಾಗೇ ಹಿಡಿದಿದ್ದರು. ಅವರಿಗೂ ನನ್ನ ಡ್ರೈವಿಂಗ್ ಹೆದರಿಕೆ ಎಂದುಕೊಂಡೆ. ಅರ್ಧ ದಾರಿಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಕಿತ್ತಳೆ ಬಣ್ಣದ ಕೋಟಿನಾತ ಒಂದೊಂದೇ ಕಾರಿನ ಕಿಟಕಿಗೆ ಬಗ್ಗಿ ಕೇಳುತ್ತಿದ್ದ. ಕೆಲವರನ್ನು ಹಿಂದಕ್ಕೆ ಕಳಿಸುತ್ತಿದ್ದ. ನಮ್ಮ ಸರದಿ ಬಂತು. ಟೈರು ನೋಡಿ ಮೆಚ್ಚಿದ. ಆಮೇಲೆ ಕೇಳಿದ: "ಚೈನ್ಸ್?"

ಡಿಕ್ಕಿಯ ಗುಂಡಿ ಒತ್ತಲು ನಾನು ಬಗ್ಗಿದೆ. "ತಡಿ, ತಡಿ" ಎಂದರು ಅತ್ತೆ. ಕೈಚೀಲದ ಒಳಗಿನಿಂದ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಬೀರುವಿನಲ್ಲಿದ್ದ ಆ ಬಂಗಾರದ ಚೈನನ್ನು ನನ್ನ ತಲೆಯ ಮೇಲಿಂದ ಕೊರಳಿಗೆ ಹಾಕಿದರು. ಜಡೆ ಅದರೊಳಗಿಂದ ಎಳೆದು ಸರಿಮಾಡಿದರು.

"ಹೂಂ. ಈಗ ಆತಗ ತೋರಸು."

ಆಮೇಲೆ ಮುಂದಕ್ಕೆ ಬಗ್ಗಿ, ಸೆರಗಿನೊಳಗಿಂದ ತಮ್ಮದೊಂದು ಎಳೆಯನ್ನೂ ಹೊರಗೆಳೆದು ಆತನಿಗೆ ಹಿಡಿದು ತೋರಿಸಿದರು. "ನಂದೂ ಐತಿ ನೋಡಪಾ."

ಹಿಂದಿನ ಕಾರಿನವರು ಹಾರನ್ ಮಾಡಿದರು. ನಾನು ಆತನಿಗೆ ಇಂಗ್ಲಿಷಿನಲ್ಲಿ ಹೇಗೋ ವಿವರಿಸಿದೆ. ಆತ ಡಿಕ್ಕಿ ತೆರೆದು ಸರಪಳಿ ನೋಡಿ, ಮತ್ತೆ ಕಿಟಕಿಗೆ ಬಂದು, ಇಷ್ಟು ತಯಾರಿ ಮಾಡಿಕೊಂಡು ಬಂದವರನ್ನು ಈ ಚಳಿಗಾಲದಲ್ಲಿ ನೋಡಿಲ್ಲ, ಅಮ್ಮನ ಚೈನನ್ನು ಮಾತ್ರ ಗಾಲಿಗೆ ಸುತ್ತಬೇಡಿ ಎಂದು ಹೇಳಿ ಮೇಲೆ ಬಿಟ್ಟ.

ಮುಂದಿನ ತಿರುವಿನಾಚೆ ಕಾರು ನಿಲ್ಲಿಸಿ ಅತ್ತೆಗೆ ಸರಪಳಿ ತೋರಿಸಿದೆ. ಯಾವ ಚೈನು, ಯಾತಕ್ಕೆ, ಘರ್ಷಣೆ ಎಂದರೇನು, ಎಲ್ಲವನ್ನೂ ತರಗತಿಯಲ್ಲಿ ಹೇಳಿದಷ್ಟೇ ಬಿಡಿಸಿ ಹೇಳಿದೆ. ಅವರು ತಿಳಿಯಿತು ಎಂದರು. ನಾನು ಕೊರಳಿಗೆ ಕೈ ಹಾಕಿದೆ.

"ತೆಗೀಬ್ಯಾಡ. ಗಾಲಿದು ಗಾಲಿಗಿರಲಿ. ಇದು ಇಲ್ಲೇ ಇರಲಿ."

ಮೇಲೆ ಹಿಮವಿತ್ತು, ಬೇಕಾದಷ್ಟಿತ್ತು. ಅತ್ತೆ ಒಂದು ಹಿಡಿ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಕೈಯಲ್ಲಿ ಅದು ಕರಗಿ ತೊಟ್ಟಿಕ್ಕಿತು. "ಫ್ರಿಜ್ ಕೆರದ್ರ ಬರೋದು ಇದs ಅಲ್ಲೇನು? ಇದಕ್ಕs ಇಷ್ಟು ವರ್ಷ ಆಸೆ ಹಚ್ಚಿದ್ನಲ್ಲ ಅಂವಾ" ಎಂದು ಮಗನನ್ನು ಬೈದು, ಇನ್ನೊಂದು ಹಿಡಿ ಎತ್ತಿಕೊಂಡರು.

ಇಳಿಯುವಾಗ ನನ್ನ ಕೈ ಸ್ಟಿಯರಿಂಗಿನ ಮೇಲೆ ಹಗುರವಾಗಿತ್ತು. ಅದೇ ತಪಾಸಣೆಯ ಜಾಗದಲ್ಲಿ, ಎದುರುಗಡೆಯಿಂದ ಬಂದ ಒಂದು ಕಾರನ್ನು ಕಿತ್ತಳೆ ಕೋಟಿನಾತ ವಾಪಸು ತಿರುಗಿಸುತ್ತಿದ್ದ. ಒಬ್ಬ ಹೆಂಗಸು ಡ್ರೈವ್ ಮಾಡುತ್ತಿದ್ದಳು. ಅತ್ತೆ ಕಿಟಕಿಯ ಗಾಜು ಇಳಿಸಿ, ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದರು. ಆಮೇಲೆ ಗಾಜು ಏರಿಸಿ ನನ್ನ ಕಡೆ ತಿರುಗಿದರು. ಅಷ್ಟೊಂದು ಬಿಡಿಸಿ ಹೇಳಿದ ಪಾಠವೆಲ್ಲ ಏನಾಯಿತು ಎಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು.

"ನೋಡಿದಿ? ಆಕಿ ಕೊರಳು ಬೋಳ."

ವಿದ್ಯಾರ್ಥಿಗಳ ಒಂದು ತಪ್ಪನ್ನೂ ತಿದ್ದದೆ ಬಿಟ್ಟವಳಲ್ಲ ನಾನು. "ಹೌದು ಅತ್ತೆ, ಪಾಪ" ಎಂದೆ.